ಒತ್ತಕ್ಷರ ಬಾರದ ಲ್ಯಾಪ್‌ಟಾಪು, ಐದು ಸಲ ಮೈಸೂರು

ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ಒಂದೂವರೆ ಸ್ಟಾರ್. ಲ್ಯಾಪ್‌ಟಾಪಿಗಲ್ಲ, ಅದರ ವಾರಂಟಿ ಸರ್ವಿಸ್‌ಗೆ. ಒಂದು ಸ್ಟಾರು ಕೊನೆಗೂ ದುಡ್ಡು ತಗೊಳ್ಳದೆ ಸರಿ ಮಾಡಿಕೊಟ್ಟದ್ದಕ್ಕೆ. ಅರ್ಧ ಸ್ಟಾರು ಒಳಗಿನ ರೂಮಿನಿಂದ ಎದ್ದು ಬಂದ ಒಬ್ಬ ಹುಡುಗನಿಗೆ. ಅವನ ವಿಷಯ ಆಮೇಲೆ ಬರುತ್ತದೆ.

ನನ್ನದು ಮಂಡ್ಯದಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಹತ್ತೊಂಬತ್ತು ವರ್ಷವಾಯಿತು. ಅರ್ಜಿ, ಅಫಿಡವಿಟ್, ಕರಾರು ಪತ್ರ, ಲಗ್ನಪತ್ರಿಕೆ, ತಿಥಿ ಕಾರ್ಡು, ಏನು ತಂದರೂ ಟೈಪ್ ಮಾಡಿಕೊಡುತ್ತೇನೆ. ಆದರೆ ವರ್ಷದ ದೊಡ್ಡ ಸಂಪಾದನೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ 25ರವರೆಗೆ ಮಾತ್ರ. ಅಷ್ಟರೊಳಗೆ ಸಹಕಾರ ಸಂಘಗಳು ವಾರ್ಷಿಕ ಮಹಾಸಭೆ ಮುಗಿಸಬೇಕು. ನಮ್ಮ ಕಡೆ ಸಂಘ ಅಂದರೆ ಮೊದಲು ಹಾಲಿನ ಡೈರಿ. ಮಹಾಸಭೆ ಅಂದರೆ ವರದಿ ಪುಸ್ತಕ. ಜಮಾ-ಖರ್ಚು, ಲಾಭ-ನಷ್ಟ, ಆಸ್ತಿ-ಜವಾಬ್ದಾರಿ ತಃಖ್ತೆ, ಕೊನೆಯ ಪುಟದಲ್ಲಿ ಜಾಸ್ತಿ ಹಾಲು ಹಾಕಿದವರ ಹೆಸರು. ಹೋದ ವರ್ಷ 22 ಡೈರಿಯ ವರದಿ ಮಾಡಿದ್ದೆ. ಆ ದುಡ್ಡಿನಲ್ಲೇ, ಜೊತೆಗೆ ಒಂದಷ್ಟು ಸೇರಿಸಿ, 2024ರ ನವೆಂಬರ್ 16ಕ್ಕೆ ಮೈಸೂರಿನ ಅಂಗಡಿಯೊಂದರಲ್ಲಿ ಈ ಲ್ಯಾಪ್‌ಟಾಪ್ ತಗೊಂಡೆ. 54,500 ರೂಪಾಯಿ. ಒಂದು ವರ್ಷ ವಾರಂಟಿ. ಕಂಪನಿಯ ಹೆಸರು ಬರೆಯುತ್ತಿಲ್ಲ. ಬರೆದರೆ ನಾಳೆ ಇನ್ನೊಂದು ತಲೆನೋವು.

ಎಂಟೊಂಬತ್ತು ತಿಂಗಳು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆಗಸ್ಟ್ ಎರಡನೇ ವಾರ ಒಂದು ಡೈರಿಯ ವರದಿಯ ಮೊದಲ ಪುಟ ಪ್ರಿಂಟ್ ತೆಗೆದು ಸೆಕ್ರೆಟರಿ ಕೈಗೆ ಕೊಟ್ಟೆ. ಕರಡು ತಿದ್ದಲು ಕೊಡುವುದು ರೂಢಿ. ಅವರು ಕನ್ನಡಕ ಮೇಲೆತ್ತಿ, ಇಳಿಸಿ, ಮತ್ತೆ ಮೇಲೆತ್ತಿ ನೋಡಿದರು.

"ಏನಕ್ಕ ಇದು, ನಮ್ ಜಿಲ್ಲೆ ಹೆಸ್ರೇ ಹಿಂಗಾಗೋಗದಲ್ಲ?"

ನೋಡುತ್ತೇನೆ, "ಹಾಲು ಉತಪಾದಕರ ಸಹಕಾರ ಸಂಘ, ಮಂಡಯ ಜಿಲಲೆ" ಅಂತಿದೆ. ಕೆಳಗೆ "ಅಧಯಕಷರು". ಅವತ್ತು ಇಬ್ಬರೂ ನಕ್ಕಿದ್ದೆವು.

ಯಾಕೆ ಹೀಗಾಯಿತು ಅಂತ ಟೈಪಿಂಗ್ ಗೊತ್ತಿರುವವರಿಗೆ ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ನಾನು ಬಳಸುವುದು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್. ಅದರ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು. ಅದರಲ್ಲಿ ಇಂಗ್ಲಿಷ್ ಎಫ್ ಕೀಯ ಮುಖ್ಯ ಕೆಲಸ ಒತ್ತಕ್ಷರ ಕೂಡಿಸುವುದು. ಮಂಡ್ಯ ಅಂತ ಬರಬೇಕಾದರೆ ಡ ಹೊಡೆದು, ಎಫ್ ಒತ್ತಿ, ಯ ಹೊಡೆಯಬೇಕು. ನಡುವೆ ಎಫ್ ಬೀಳದಿದ್ದರೆ ಮಂಡಯ. ಕನ್ನಡ ಕನನಡ ಆಗುತ್ತದೆ. ಲೆಕ್ಕ ಲೆಕಕ ಆಗುತ್ತದೆ. ಒಟ್ಟು ಒಟಟು. ಇಂಗ್ಲಿಷ್ ಟೈಪ್ ಮಾಡುವವರಿಗೆ ಎಫ್ ಅಷ್ಟೊಂದು ಸಲ ಬೇಕಾಗುವುದಿಲ್ಲ. ನಮಗೆ ಹಾಗಲ್ಲ, ಎರಡು ಮೂರು ಪದಕ್ಕೊಮ್ಮೆ ಬೇಕೇ ಬೇಕು. ಒತ್ತಿಲ್ಲದೆ ಕನ್ನಡದಲ್ಲಿ ಒಂದು ಸಾಲು ಬರೆಯಿರಿ ನೋಡೋಣ.

ಕೀ ಪೂರ್ತಿ ಸತ್ತಿದ್ದರೆ ಇಷ್ಟು ರಾಮಾಯಣ ಇರುತ್ತಿರಲಿಲ್ಲ. ಬೆಳಿಗ್ಗೆ ಆನ್ ಮಾಡಿದಾಗ ಎಫ್ ಸರಿಯಾಗಿಯೇ ಬರುತ್ತಿತ್ತು. ಅರ್ಧ ಗಂಟೆ ಓಡಿ ಮೈ ಬಿಸಿಯಾದ ಮೇಲೆ ನಾಲ್ಕಕ್ಕೆ ಒಂದು ಸಲ ಬೀಳುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎರಡಕ್ಕೆ ಒಂದು. ಎಡಗೈ ತೋರುಬೆರಳಿಗೆ ಎಫ್ ಮೇಲಿನ ಆ ಸಣ್ಣ ಉಬ್ಬು ಗೆರೆ ಸಿಗುತ್ತದೆ, ಕೀ ಒಳಗೆ ಹೋಗಿ ಟಕ್ ಅನ್ನುತ್ತದೆ, ಪರದೆ ಮೇಲೆ ಮಾತ್ರ ಏನೂ ಇಲ್ಲ.

ಮಗಳು ಒಂದು ಉಪಾಯ ಮಾಡಿದಳು. 450 ರೂಪಾಯಿಯ ಯುಎಸ್‌ಬಿ ಕೀಬೋರ್ಡ್ ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಅದರಲ್ಲಿ ಅದೇ ನುಡಿ, ಅದೇ ಎಫ್, ದಿನವಿಡೀ ಹೊಡೆದರೂ ಒಂದು ಒತ್ತೂ ತಪ್ಪಲಿಲ್ಲ. ಅಂದರೆ ಸಾಫ್ಟ್‌ವೇರ್ ಸರಿಯಿದೆ, ಕೆಟ್ಟಿರುವುದು ಲ್ಯಾಪ್‌ಟಾಪಿನ ಮೈಯಲ್ಲಿರುವ ಕೀಬೋರ್ಡು. ಇದು ಪಿಯುಸಿ ಹುಡುಗಿಗೆ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಸರ್ವಿಸ್ ಸೆಂಟರಿಗೆ ಗೊತ್ತಾಗಲು ಸುಮಾರು ಒಂದು ತಿಂಗಳು ಬೇಕಾಯಿತು.

ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿದೆ. ಅಲ್ಲಿ ಮೊದಲ ಏಟು. ಸೀರಿಯಲ್ ನಂಬರ್ ಹೇಳಿದ ತಕ್ಷಣ ಆ ಕಡೆಯವರು, "ನಿಮ್ಮ ವಾರಂಟಿ ಆಗಸ್ಟ್ 30ಕ್ಕೆ ಮುಗಿಯುತ್ತೆ" ಅಂದರು. ನವೆಂಬರ್‌ನಲ್ಲಿ ತಗೊಂಡ ಸಾಮಾನಿಗೆ ಆಗಸ್ಟ್‌ನಲ್ಲಿ ಹೇಗೆ ವರ್ಷ ತುಂಬುತ್ತದೆ? ವಿಚಾರಿಸಿದರೆ, ಅವರ ಲೆಕ್ಕ ಶುರುವಾಗಿರುವುದು ಮಾಲು ಕಂಪನಿಯಿಂದ ಹೊರಟ ದಿನದಿಂದ. ಅಂಗಡಿಯ ಕಪಾಟಿನಲ್ಲಿ ಎರಡೂವರೆ ತಿಂಗಳು ಕೂತಿದ್ದೂ ನನ್ನ ತಲೆ ಮೇಲೆ! ಜಿಎಸ್‌ಟಿ ಬಿಲ್ ಕಳಿಸಿ, ತಾರೀಕು ತಿದ್ದಿಸಿ ಅಂದರು. ಪುಣ್ಯಕ್ಕೆ ಬಿಲ್ ಇತ್ತು, ಅದರಲ್ಲಿ ಸೀರಿಯಲ್ ನಂಬರೂ ಇತ್ತು. ಎರಡು ದಿನಕ್ಕೆ ನವೆಂಬರ್ 15 ಅಂತ ಆಯಿತು. ಹೊಸ ಲ್ಯಾಪ್‌ಟಾಪ್ ತಗೊಂಡವರು ಇವತ್ತೇ ಕಂಪನಿ ಸೈಟಿನಲ್ಲಿ ನಿಮ್ಮ ವಾರಂಟಿ ತಾರೀಕು ನೋಡಿಕೊಳ್ಳಿ. ಕೆಟ್ಟ ಮೇಲೆ ನೋಡಿದರೆ ಆಗ ಬಿಲ್ ಹುಡುಕಬೇಕಾಗುತ್ತದೆ.

ಮಂಡ್ಯದಲ್ಲಿ ಈ ಕಂಪನಿಯ ಸರ್ವಿಸ್ ಸೆಂಟರ್ ಇಲ್ಲ. ನನ್ನ ವಾರಂಟಿ ನಾವೇ ಹೊತ್ತುಕೊಂಡು ಹೋಗುವ ಬಗೆಯದು. ಮನೆಗೆ ಬಂದು ರಿಪೇರಿ ಮಾಡುವ ಬಗೆಯದು ಬೇರೆ ಇದೆಯಂತೆ, ತಗೊಳ್ಳುವಾಗ ಯಾರೂ ಬಾಯಿ ಬಿಡಲಿಲ್ಲ. ಆಗಸ್ಟ್ 18, ಸೋಮವಾರ. ಅಂಗಡಿ ಮುಚ್ಚಿ ಕೆಎಸ್‌ಆರ್‌ಟಿಸಿ ಬಸ್ ಹತ್ತಿದೆ. ಆಧಾರ್ ಕಾರ್ಡ್ ತೋರಿಸಿದರೆ ನಮಗೆ ಸೊನ್ನೆ ಟಿಕೆಟ್. ಶಕ್ತಿ ಯೋಜನೆ ಇಲ್ಲದಿದ್ದರೆ ಈ ಕೀಬೋರ್ಡಿನ ಬಸ್ ಚಾರ್ಜೇ ಹೊಸ ಕೀಬೋರ್ಡಿನ ರೇಟಾಗುತ್ತಿತ್ತು. ಮೈಸೂರಿನ ಸಬ್‌ಅರ್ಬನ್ ಸ್ಟ್ಯಾಂಡಿನಲ್ಲಿ ಇಳಿದು ಆಟೋ. ಒಂದು ಕಟ್ಟಡದ ಎರಡನೇ ಮಹಡಿ. ಲಿಫ್ಟ್ ಇಲ್ಲ. ಟೋಕನ್ 31, ಒಳಗೆ ನಡೆಯುತ್ತಿದ್ದದ್ದು 14.

ಕೌಂಟರಿನ ಹುಡುಗ ಲ್ಯಾಪ್‌ಟಾಪ್ ಆನ್ ಮಾಡಿ, ನೋಟ್‌ಪ್ಯಾಡ್ ತೆರೆದು, ಸಾಲಾಗಿ ಎಲ್ಲ ಕೀ ಒಂದೊಂದು ಸಲ ಒತ್ತಿದ. ಬಸ್ಸಿನಲ್ಲಿ ಬ್ಯಾಗಿನಲ್ಲಿ ತಣ್ಣಗೆ ಮಲಗಿ ಬಂದ ಯಂತ್ರ. ಎಲ್ಲ ಕೀ ಮರ್ಯಾದೆಯಿಂದ ಬಂದವು, ಎಫ್ ಕೂಡ.

"ಬರ್ತಿದೆಯಲ್ಲ ಮೇಡಂ."

"ಬಿಸಿ ಆದ್ಮೇಲೆ ಬರಲ್ಲಪ್ಪ. ಅರ್ಧ ಗಂಟೆ ಬಿಟ್ಟು ನೋಡಿ. ಕನ್ನಡದಲ್ಲಿ ಟೈಪ್ ಮಾಡಿ ತೋರಿಸ್ತೀನಿ."

"ಕನ್ನಡದಲ್ಲಿ ಪ್ರಾಬ್ಲಂ ಅಂದ್ರೆ ಅದು ನಿಮ್ಮ ಕನ್ನಡ ಸಾಫ್ಟ್‌ವೇರ್‌ದು ಮೇಡಂ. ಸಾಫ್ಟ್‌ವೇರ್‌ಗೆ ವಾರಂಟಿ ಬರಲ್ಲ."

ಈ ಮಾತನ್ನು ಅವನು ಕನ್ನಡದಲ್ಲೇ ಹೇಳಿದ. ಯುಎಸ್‌ಬಿ ಕೀಬೋರ್ಡಿನ ಪುರಾಣ ಹೇಳಿದೆ. ಅದರಲ್ಲಿ ಸರಿಯಾಗಿ ಬರುತ್ತದೆ ಅಂದೆ. "ಹಾಗಾದ್ರೆ ಅದನ್ನೇ ಬಳಸಿ ಮೇಡಂ" ಅಂದ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹಿಂದೆ ಇನ್ನೂ ಹದಿನೈದು ಜನ ಟೋಕನ್ ಹಿಡಿದು ಕೂತಿದ್ದರು. ಸಂಜೆವರೆಗೆ ಇಟ್ಟುಕೊಂಡು ಬಯಾಸ್ (ಯಂತ್ರ ಆನ್ ಆಗುವಾಗ ಮೊದಲು ಓಡುವ ಒಳಗಿನ ಪ್ರೋಗ್ರಾಂ) ಅಪ್‌ಡೇಟ್ ಮಾಡಿದೆವು ಅಂತ ವಾಪಸ್ ಕೊಟ್ಟರು. ಜಾಬ್ ಶೀಟಿನಲ್ಲಿ "ನೋ ಫಾಲ್ಟ್ ಫೌಂಡ್". ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸುಮ್ನೆ ಟೈಪ್ ಮಾಡುತ್ತಾ ಬಂದೆ. ಶ್ರೀರಂಗಪಟ್ಟಣ ದಾಟಿ ಸ್ವಲ್ಪ ಹೊತ್ತಿಗೆ "ಮಂಡಯ" ಬಂತು. ನಾನಿನ್ನೂ ಮಂಡ್ಯ ತಲುಪಿರಲಿಲ್ಲ.

ಎರಡನೇ ಸಲ ಆಗಸ್ಟ್ 25. ಗೌರಿ ಹಬ್ಬದ ಹಿಂದಿನ ದಿನ. ಈ ಸಲ ಮಗಳು ಎರಡು ನಿಮಿಷದ ವಿಡಿಯೋ ಮಾಡಿಕೊಟ್ಟಿದ್ದಳು. ಬೆರಳು ಒತ್ತುವುದು, ಪರದೆ ಎರಡೂ ಕಾಣುವಂತೆ. ಕೌಂಟರಿನಲ್ಲಿದ್ದ ಹುಡುಗಿ ವಿಡಿಯೋ ನೋಡಿ ಮರುಮಾತಿಲ್ಲದೆ ಲ್ಯಾಪ್‌ಟಾಪ್ ಇಟ್ಟುಕೊಂಡಳು. ಡೇಟಾ ಹೋದರೆ ನಾವು ಜವಾಬ್ದಾರರಲ್ಲ ಅನ್ನುವ ಕಾಗದಕ್ಕೆ ಸಹಿ ಹಾಕಿಸಿಕೊಂಡಳು. ಸದ್ಯ ದಾರಿಗೆ ಬಂತು ಅಂದುಕೊಂಡು ದೇವರಾಜ ಮಾರ್ಕೆಟ್ಟಿಗೆ ಹೋಗಿ ಹೂವು, ವೀಳ್ಯದೆಲೆ ತಗೊಂಡು ಖುಷಿಯಿಂದ ಊರಿಗೆ ಬಂದೆ.

ಗೌರಿ ಕಳೆಯಿತು, ಗಣೇಶ ಕಳೆದ. 29ಕ್ಕೆ ವಾಟ್ಸಾಪಿಗೆ ಒಂದು ಫೋಟೋ ಬಂತು. ಬಿಚ್ಚಿದ ಲ್ಯಾಪ್‌ಟಾಪು, ಅದರಲ್ಲಿ ಒಂದು ಕಡೆ ಕಂದು ಕಲೆ, ಸುತ್ತ ಕೆಂಪು ಗುಂಡು. ಕೆಳಗೆ, "ಲಿಕ್ವಿಡ್ ಡ್ಯಾಮೇಜ್. ವಾರಂಟಿ ಅನ್ವಯಿಸುವುದಿಲ್ಲ. ಎಸ್ಟಿಮೇಟ್ 9,800 ರೂಪಾಯಿ, ಜೊತೆಗೆ ಶೇ 18 ಜಿಎಸ್‌ಟಿ, ಒಟ್ಟು 11,564." ಮೂರು ದಿನದೊಳಗೆ ಒಪ್ಪಿಗೆ ಕೊಡಬೇಕು, ಇಲ್ಲವೇ ವಾಪಸ್ ತಗೊಂಡು ಹೋಗಬೇಕು.

ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ. ನಮ್ಮ ಅಂಗಡಿಗೆ ಬಂದವರಿಗೆಲ್ಲ ಗೊತ್ತು, ಟೀ ಲೋಟ ಬಾಗಿಲ ಹೊರಗಿನ ಸ್ಟೂಲಿನ ಮೇಲೆ. ವಕೀಲರಾಗಲಿ, ಪಂಚಾಯ್ತಿ ಮೆಂಬರಾಗಲಿ, ಲೋಟ ಹಿಡಿದು ಒಳಗೆ ಕಾಲಿಡುವ ಹಾಗಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ಹನಿ ಬಿದ್ದಿಲ್ಲ. ನೀರು ಚೆಲ್ಲಿದವಳು ಅಂತ ನನ್ನನ್ನು ಫೋಟೋ ಸಮೇತ ಹೇಳುತ್ತಿದ್ದಾರೆ! ನಮ್ಮ ಮನೆಯವರು, "ಹೋಗ್ಲಿ ಬಿಡು, ಕೊಟ್ಟು ಮಾಡಿಸ್ಕೊ, ಸೀಸನ್ ಅಲ್ವಾ" ಅಂದರು. ಅವರ ಮಾತೂ ತಪ್ಪಲ್ಲ. ಬಹಳ ಜನ ಹಾಗೇ ಕೊಟ್ಟುಬಿಡುತ್ತಾರೆ. ಎಸ್ಟಿಮೇಟು ನಿಂತಿರುವುದೇ ಆ ನಂಬಿಕೆ ಮೇಲೆ.

ಸೆಪ್ಟೆಂಬರ್ 1, ಮೂರನೇ ಸಲ. ಎಲ್ಲಿ ಕಲೆ, ಬಿಚ್ಚಿ ತೋರಿಸಿ ಅಂದೆ. ಒಳಗೆ ಕಸ್ಟಮರ್ ಬರುವ ಹಾಗಿಲ್ಲ ಅಂದರು. ಹಾಗಾದರೆ ಹೊರಗೆ ತನ್ನಿ, ಇಲ್ಲೇ ನೋಡುತ್ತೇನೆ ಅಂದು ಕುರ್ಚಿ ಮೇಲೆ ಕೂತೆ. ಮುಕ್ಕಾಲು ಗಂಟೆ. ಕೊನೆಗೆ ಮ್ಯಾನೇಜರ್ ಬಂದರು, ಹಿಂದೆ ಟ್ರೇನಲ್ಲಿ ನನ್ನ ಲ್ಯಾಪ್‌ಟಾಪ್ ಹಿಡಿದು ಒಬ್ಬ ಹುಡುಗ.

ಒಳಭಾಗ ನಾನು ನೋಡಿದ್ದು ಅದೇ ಮೊದಲು. ಕೀಬೋರ್ಡು ಬೇರೆ ಸಾಮಾನು ಅಂದುಕೊಂಡಿದ್ದೆ. ಅಲ್ಲ. ನಾವು ಅಂಗೈ ಊರುವ ಮೇಲಿನ ಕವರಿಗೆ ಹತ್ತಾರು ಸಣ್ಣ ಪ್ಲಾಸ್ಟಿಕ್ ಗುಬುಟುಗಳನ್ನು ಕರಗಿಸಿ ಅದನ್ನು ಅಂಟಿಸಿಬಿಟ್ಟಿದ್ದಾರೆ. ಒಂದು ಕೀ ಹೋದರೂ ಇಡೀ ಕವರೇ ಬದಲಾಗಬೇಕು. ಎಸ್ಟಿಮೇಟ್ ಅಷ್ಟಾಗುವುದು ಅದಕ್ಕೇ. ಕಲೆ ಇದ್ದದ್ದು ಟಚ್‌ಪ್ಯಾಡಿನ ಕೆಳಗೆ, ಒಂದು ಕಪ್ಪು ಟೇಪಿನ ಅಂಚಿಗೆ. ಎಫ್ ಕೀ ಎಲ್ಲಿ, ಟಚ್‌ಪ್ಯಾಡ್ ಎಲ್ಲಿ! ಬೆರಳ ತುದಿಯಲ್ಲಿ ಮುಟ್ಟಿದೆ. ಅಂಟಂಟು. ಲಗ್ನಪತ್ರಿಕೆ ಕವರಿಗೆ ದಿನಾ ಗಮ್ ಹಚ್ಚುವವಳಿಗೆ ಅಂಟು ಯಾವುದು, ಟೀ ಯಾವುದು ಅಂತ ಗೊತ್ತಾಗುವುದಿಲ್ಲವೇ?

"ಇದು ಟೇಪಿನ ಗಮ್ಮು, ಅಲ್ವಾ?" ಅಂದೆ. ಮ್ಯಾನೇಜರ್ ಉತ್ತರ ಕೊಡಲಿಲ್ಲ. ಟ್ರೇ ಹಿಡಿದಿದ್ದ ಹುಡುಗ ಬೋರ್ಡಿನ ಪಕ್ಕದಲ್ಲಿದ್ದ, ಹೆಸರುಬೇಳೆಯಷ್ಟಿದ್ದ ಒಂದು ಬಿಳಿ ಚೀಟಿಯನ್ನು ಸ್ಕ್ರೂಡ್ರೈವರ್ ತುದಿಯಲ್ಲಿ ಮೆಲ್ಲಗೆ ತೋರಿಸಿದ. ಅದು ನೀರು ತಾಗಿದರೆ ಕೆಂಪಾಗುವ ಗುರುತು ಚೀಟಿ. ಅಲ್ಲಿ ಎರಡು ಇದ್ದವು. ಎರಡೂ ಅಚ್ಚ ಬಿಳಿ. ಇವನೇ ಆ ಅರ್ಧ ಸ್ಟಾರಿನ ಹುಡುಗ.

ಆದರೂ ಮ್ಯಾನೇಜರ್ ಸೋಲಲಿಲ್ಲ. "ಸರಿ ಮೇಡಂ, ಲಿಕ್ವಿಡ್ ರಿಮಾರ್ಕ್ ತೆಗೀತೀವಿ. ಆದ್ರೆ ಇಲ್ಲಿ ಟೆಸ್ಟ್‌ನಲ್ಲಿ ಫಾಲ್ಟ್ ಬರ್ತಿಲ್ಲ. ಮೇಲಿನವರು ಅಪ್ರೂವ್ ಮಾಡ್ಬೇಕು" ಅಂದರು. ಮೇಲಿನವರು ಯಾರು, ಎಷ್ಟು ಮೇಲಿದ್ದಾರೆ ಅಂತ ಹೇಳಲಿಲ್ಲ. ಲ್ಯಾಪ್‌ಟಾಪ್ ಜೋಡಿಸಿ ವಾಪಸ್ ಕೊಟ್ಟರು.

ಇಲ್ಲಿ ಒಂದು ಮಾತು ಹೇಳಬೇಕು, ನಾಚಿಕೆಯಾದರೂ. ಎಷ್ಟೋ ಜನರ ಗ್ರಾಹಕ ದೂರನ್ನು ಟೈಪ್ ಮಾಡಿಕೊಟ್ಟವಳು ನಾನು. ಫ್ರಿಜ್ಜು, ಬೋರ್‌ವೆಲ್ ಮೋಟರು, ಒಮ್ಮೆ ಮೊಳಕೆ ಬಾರದ ಬಿತ್ತನೆ ಬೀಜ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಅನ್ನುವ ಸಾಲು ನನ್ನ ಬೆರಳಿಗೆ ಬಾಯಿಪಾಠ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಸಾಮಾನು ಮೈಸೂರಿನಲ್ಲಿ ಕೊಂಡರೂ, ನಾನಿರುವುದು ಮಂಡ್ಯದಲ್ಲಾದ್ದರಿಂದ ಮಂಡ್ಯದ ಆಯೋಗದಲ್ಲೇ ಹಾಕಬಹುದು. ಇಷ್ಟೆಲ್ಲ ಗೊತ್ತಿದ್ದೂ ಮೂರು ಸಲ ಬಸ್ ಹತ್ತಿ ಕೈಮುಗಿದುಕೊಂಡು ಹೋದೆನಲ್ಲ! ಬೇರೆಯವರ ದೂರು ಟೈಪ್ ಮಾಡುವಾಗ ಬರುವ ಧೈರ್ಯ ನಮ್ಮದಕ್ಕೆ ಬರುವುದಿಲ್ಲ.

ಆಯೋಗಕ್ಕೆ ಹೋಗುವ ಮೊದಲು ಇನ್ನೊಂದು ದಾರಿಯಿದೆ ಅಂತ ನಮ್ಮಲ್ಲಿಗೆ ಬರುವ ಒಬ್ಬ ವಕೀಲರು ನೆನಪಿಸಿದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಕನ್ನಡದಲ್ಲೂ ಮಾತಾಡುತ್ತಾರೆ. ಅದು ಕೋರ್ಟಲ್ಲ, ತೀರ್ಪು ಕೊಡುವುದಿಲ್ಲ. ನಮ್ಮ ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತದೆ, ಅಷ್ಟೆ. ಸೆಪ್ಟೆಂಬರ್ 2ಕ್ಕೆ ದೂರು ಕೊಟ್ಟೆ. ಬಿಲ್ಲು, ಎರಡು ಜಾಬ್ ಶೀಟು, ಲಿಕ್ವಿಡ್ ಫೋಟೋ, ವಿಡಿಯೋ ಎಲ್ಲ ಸೇರಿಸಿ. ಆರನೇ ದಿನ ಕಂಪನಿಯಿಂದಲೇ ಫೋನು. ಅದುವರೆಗೆ ನಾನು ಮಾಡಿದ ಹನ್ನೊಂದು ಫೋನಿನಲ್ಲಿ ಒಂದರಲ್ಲೂ ಕೇಳದಿದ್ದ ಮರ್ಯಾದೆಯ ದನಿ. "ಇನ್ನೊಂದು ಸಲ ಸೆಂಟರಿಗೆ ತನ್ನಿ, ಎಂಜಿನಿಯರ್ ನಿಮ್ಮ ಎದುರಿಗೇ ನೋಡುತ್ತಾರೆ."

ಸೆಪ್ಟೆಂಬರ್ 10, ನಾಲ್ಕನೇ ಸಲ. ಹೋದವಳೇ ಟೋಕನ್ ತಗೊಂಡು, ಗೋಡೆಯ ಪ್ಲಗ್ಗಿನ ಪಕ್ಕದ ಕುರ್ಚಿ ಹಿಡಿದು, ಲ್ಯಾಪ್‌ಟಾಪ್ ಆನ್ ಮಾಡಿ ಕೆಲಸ ಶುರು ಮಾಡಿದೆ. ನಿಜವಾದ ಕೆಲಸವೇ, ಒಂದು ಡೈರಿಯ ಸದಸ್ಯರ ಪಟ್ಟಿ. ಮೊದಲ ಇಪ್ಪತ್ತೈದು ಹೆಸರು ಸರಿಯಾಗಿ ಬಂದವು. ತೊಡೆ ಬೆಚ್ಚಗಾಯಿತು. ನಲವತ್ತನೇ ಹೆಸರಿಗೆ ಚಿಕ್ಕಣ್ಣ ಹೋಗಿ ಚಿಕಕಣಣ ಬಂದ. ಆಗ ಹೊಸ ಪುಟ ತೆಗೆದು ಮ್ಯಾನೇಜರಿಗೆ ಒಂದು ಪತ್ರ ಟೈಪ್ ಮಾಡಿದೆ. ಬಂದದ್ದನ್ನು ತಿದ್ದಲಿಲ್ಲ. ನಂಬರ್ ಕೂಗಿದಾಗ ಲ್ಯಾಪ್‌ಟಾಪ್ ತೆರೆದೇ ಹಿಡಿದುಕೊಂಡು ಹೋಗಿ ಅವರ ಕಡೆ ತಿರುಗಿಸಿಟ್ಟೆ. ದಪ್ಪ ಅಕ್ಷರದಲ್ಲಿ,

"ಮಾನಯರೇ, ನನನ ಕೀಲಿಮಣೆ ಕೆಟಟಿದೆ. ಒತತಕಷರ ಬರುತತಿಲಲ."

ಮ್ಯಾನೇಜರ್ ಓದಲು ಹೋದರು. "ಮಾ-ನ-ಯ-ರೇ... ನ-ನ-ನ..." ಕೌಂಟರಿನ ಹುಡುಗಿ ಕಿಸಕ್ಕನೆ ನಕ್ಕಳು. ಅಷ್ಟರಲ್ಲಿ ಟ್ರೇ ಹುಡುಗ ಒಳಗಿನಿಂದ ಎದ್ದು ಬಂದ. ಬಗ್ಗಿ ನೋಡಿದ. "ಓ, ನುಡೀಲಿ ಎಫ್ ಅಲ್ವಾ ಅಕ್ಕ ಒತ್ತು? ನಮ್ಮಪ್ಪನೂ ಡೈರಿ ಲೆಕ್ಕ ಇದ್ರಲ್ಲೇ ಹೊಡ್ಯೋದು" ಅಂದ. ಪಾಂಡವಪುರದ ಕಡೆಯವನಂತೆ. ನೋಟ್‌ಪ್ಯಾಡ್ ತೆರೆದು ಎಫ್ ಒಂದನ್ನೇ ಎಣಿಸಿಕೊಂಡು ಇಪ್ಪತ್ತು ಸಲ ಒತ್ತಿದ. ಪರದೆ ಮೇಲೆ ಹನ್ನೊಂದು ಬಂದಿದ್ದವು. ಇಂಗ್ಲಿಷ್‌ನಲ್ಲೇ. "ಕೀಬೋರ್ಡ್ ಫಾಲ್ಟೇ ಸಾರ್" ಅಂದ. ಆಗಸ್ಟ್ 18ಕ್ಕೇ ಯಾರಾದರೂ ಇಷ್ಟು ಮಾಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಒಪ್ಪಿಕೊಂಡರು. ಪಾರ್ಟ್ ತರಿಸಬೇಕು ಅಂದರು. ತರಿಸಿ, ಬಂದ ಮೇಲೆ ತಂದುಕೊಡುತ್ತೇನೆ, ಮಹಾಸಭೆ ಸೀಸನ್ನು, ಯುಎಸ್‌ಬಿ ಕೀಬೋರ್ಡಿನಲ್ಲಿ ಹೇಗೋ ನಡೆಸುತ್ತೇನೆ ಅಂತ ಬೇಡಿಕೊಂಡೆ. ಆಗಲ್ಲವಂತೆ. ಯಂತ್ರ ಸೆಂಟರಿನಲ್ಲಿದ್ದರೆ ಮಾತ್ರ ಅವರ ಸಿಸ್ಟಮ್ ಪಾರ್ಟಿನ ಆರ್ಡರ್ ತಗೊಳ್ಳುತ್ತದಂತೆ. ಸೆಪ್ಟೆಂಬರ್ 25ಕ್ಕೆ ಹದಿನೈದು ದಿನ ಇರುವಾಗ ಲ್ಯಾಪ್‌ಟಾಪ್ ಅಲ್ಲಿ ಬಿಟ್ಟು ಬರಿಗೈಲಿ ಬಂದೆ. ಬದಲಿ ಯಂತ್ರ ಕೊಡುವ ಪದ್ಧತಿ ಇಲ್ಲ. ಮಂಡ್ಯದಲ್ಲಿ ಹಳೇ ಡೆಸ್ಕ್‌ಟಾಪ್ ಒಂದನ್ನು ತಿಂಗಳಿಗೆ 1,500ಕ್ಕೆ ಬಾಡಿಗೆ ತಂದೆ. ಅದು ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್ ತೆರೆಯುವಷ್ಟರಲ್ಲಿ ಅನ್ನಕ್ಕೆ ಇಟ್ಟು ಬರಬಹುದಿತ್ತು. ಏಳು ಡೈರಿಯವರು ಬೇರೆ ಅಂಗಡಿಗೆ ಹೋದರು. ಅವರನ್ನು ದೂರುವ ಹಾಗಿಲ್ಲ, ಸಭೆ ನೋಟಿಸ್ ಕೊಟ್ಟು ಕೂತವರು ನನ್ನ ಕೀಬೋರ್ಡಿಗೆ ಕಾಯುತ್ತಾರೆಯೇ?

ದಿನ ಬಿಟ್ಟು ದಿನ ಮೆಸೇಜು ಬರುತ್ತಿತ್ತು. "ಪಾರ್ಟ್ ನಿರೀಕ್ಷೆಯಲ್ಲಿದೆ." 29ಕ್ಕೆ ಪಾರ್ಟ್ ಬಂತು. ಅಷ್ಟೊತ್ತಿಗೆ ದಸರಾ. ಆಯುಧ ಪೂಜೆ, ಜಂಬೂ ಸವಾರಿ, ಊರು ತುಂಬ ಜನ, ಸೆಂಟರಿಗೆ ರಜೆ. ಕವರ್ ಬದಲಾಯಿಸಿ ಜೋಡಿಸಿದರೆ ಆನ್ ಆಗಲಿಲ್ಲವಂತೆ. ಮದರ್‌ಬೋರ್ಡನ್ನೂ ಬದಲಾಯಿಸಿದರು. ಯಾಕೆ ಆನ್ ಆಗಲಿಲ್ಲ ಅಂತ ಕೇಳಿದ್ದಕ್ಕೆ, "ಫ್ರೀಯಾಗೇ ಹಾಕಿದೀವಲ್ಲ ಮೇಡಂ" ಅಂದರು.

ಅಕ್ಟೋಬರ್ 8, ಐದನೇ ಸಲ. ಲ್ಯಾಪ್‌ಟಾಪ್ ಕೈಗೆ ಬಂತು. 28 ದಿನ. ಮುಚ್ಚಳದ ಮೂಲೆಯಲ್ಲಿ ಅರಿಶಿನ ಕುಂಕುಮದ ಬೊಟ್ಟು. ಆಯುಧ ಪೂಜೆಯ ದಿನ ಬೆಂಚಿನ ಮೇಲಿದ್ದ ಸ್ಕ್ರೂಡ್ರೈವರುಗಳ ಜೊತೆ ಇದಕ್ಕೂ ಪೂಜೆ ಆಗಿದೆ. ಇಷ್ಟು ದಿನದಲ್ಲಿ ಅಲ್ಲಿ ಅದಕ್ಕೆ ಸಿಕ್ಕ ಆರೈಕೆ ಅಂದರೆ ಅದೊಂದೇ ಇರಬೇಕು. ಒರೆಸಲಿಲ್ಲ.

ಈ ಸಲ ನಾನೇ ಅಲ್ಲಿ ಒಂದು ಗಂಟೆ ಕೂತು ಟೈಪ್ ಮಾಡಿ ನೋಡೋಣ ಅಂತ ಆನ್ ಮಾಡಿದರೆ ನೀಲಿ ಪರದೆ. ಬಿಟ್‌ಲಾಕರ್ ರಿಕವರಿ ಕೀ ಕೊಡಿ, 48 ಅಂಕಿ. ಎದೆ ಧಸಕ್ ಅಂತು. ಇದರ ವಿಷಯ ಸ್ವಲ್ಪ ಗಮನವಿಟ್ಟು ಓದಿ, ಯಾಕೆಂದರೆ ಸೆಂಟರಿನವರು ಮೊದಲೇ ಹೇಳುವುದಿಲ್ಲ. ಈಗಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಸಲ ಡಿಸ್ಕಿಗೆ ತಾನೇ ಬೀಗ ಹಾಕಿಕೊಂಡಿರುತ್ತದೆ. ಆ ಬೀಗದ ನಂಟು ಮದರ್‌ಬೋರ್ಡಿನಲ್ಲಿರುವ ಚಿಪ್ಪಿನ ಜೊತೆ. ಬೋರ್ಡ್ ಬದಲಾದರೆ ಡಿಸ್ಕು, ಇದು ನನ್ನ ಮನೆಯಲ್ಲ ಅನ್ನುತ್ತದೆ. 48 ಅಂಕಿ ಕೊಟ್ಟರೆ ಮಾತ್ರ ಬಾಗಿಲು ತೆರೆಯುತ್ತದೆ. ಆ ಅಂಕಿ ಸಾಮಾನ್ಯವಾಗಿ ನಮ್ಮ ಮೈಕ್ರೋಸಾಫ್ಟ್ ಖಾತೆಯೊಳಗೆ ಇರುತ್ತದೆ. ನನ್ನ ಖಾತೆ ಯಾವುದು? ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗ ಅವನೇ ಏನೋ ಒಂದು ಮೇಲ್ ಐಡಿ ಮಾಡಿ ಹಾಕಿದ್ದ. ನನಗೆ ನೆನಪಿಲ್ಲ.

ಮನೆಗೆ ಫೋನ್ ಮಾಡಿದೆ. ಬೀರುವಿನ ಮೇಲೆ ಲ್ಯಾಪ್‌ಟಾಪಿನ ಖಾಲಿ ಪೆಟ್ಟಿಗೆ ಇತ್ತು. ಜಾಗ ತಿನ್ನುತ್ತದೆ, ಎಸೆಯೋಣ ಅಂತ ನಮ್ಮ ಮನೆಯವರು ವರ್ಷದಿಂದ ಹೇಳುತ್ತಿದ್ದರು. ಮಗಳು ಇಳಿಸಿ ನೋಡಿದಳು. ಪೆಟ್ಟಿಗೆಯ ಮುಚ್ಚಳದ ಒಳಗೆ ಬಾಲ್‌ಪೆನ್ನಿನಲ್ಲಿ ಐಡಿ ಬರೆದಿತ್ತು, ಪಾಸ್‌ವರ್ಡ್ ಇರಲಿಲ್ಲ. ಒಟಿಪಿ ನನ್ನ ನಂಬರಿಗೇ ಬಂತು. ಖಾತೆ ತೆರೆದು ಅವಳು ಆರಾರು ಅಂಕಿಯಂತೆ ಎಂಟು ಗುಂಪು ಫೋನಿನಲ್ಲಿ ಓದಿದಳು, ಪಾಂಡವಪುರದ ಹುಡುಗ ಒತ್ತಿದ. ತೆರೆಯಿತು. ಹೋದ ವರ್ಷದ 22 ವರದಿಯೂ ಅಲ್ಲೇ ಇದ್ದವು. ನೀವೂ ಆ 48 ಅಂಕಿಯನ್ನು ಇವತ್ತೇ ಒಂದು ಕಾಗದಕ್ಕೆ ಬರೆದು ಬಿಲ್ಲಿನ ಜೊತೆ ಪಿನ್ ಮಾಡಿಡಿ.

ಹೊಸ ಬೋರ್ಡಿಗೆ ನನ್ನ ಸೀರಿಯಲ್ ನಂಬರ್ ಬರೆದಿರಲಿಲ್ಲ. ಹುಡುಗನೇ ನೆನಪಿಸಿಕೊಂಡು ಹತ್ತು ನಿಮಿಷದಲ್ಲಿ ಬರೆದುಕೊಟ್ಟ. ಇಲ್ಲದಿದ್ದರೆ ಆರನೇ ಸಲ ಹೋಗಬೇಕಿತ್ತು.

ಒಂದು ಗಂಟೆ ಟೈಪ್ ಮಾಡಿದೆ. ಮಂಡ್ಯ, ಮದ್ದೂರು, ಚಿಕ್ಕಣ್ಣ, ಅಧ್ಯಕ್ಷರು. ಎಲ್ಲ ಬಂದವು. ಹೊಸ ಎಫ್ ಮೇಲಿನ ಉಬ್ಬು ಗೆರೆ ಇನ್ನೂ ಚೂಪಾಗಿದೆ, ಬೆರಳಿಗೆ ಒಗ್ಗಿಲ್ಲ. ಈಗ ಒಂದೂವರೆ ತಿಂಗಳಾಯಿತು, ತೊಂದರೆ ಕೊಟ್ಟಿಲ್ಲ. ವಾರಂಟಿ ನವೆಂಬರ್ 15ಕ್ಕೆ ಮುಗಿಯಿತು. ಬದಲಾಯಿಸಿದ ಪಾರ್ಟಿಗೆ 90 ದಿನ ಅಂತ ಜಾಬ್ ಶೀಟಿನಲ್ಲಿದೆ, ಅದನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೇನೆ. ನಮ್ಮದೇ ಮೆಷಿನ್ನು, ಖರ್ಚಿಲ್ಲ.

ಬಿಟ್ಟುಹೋದ ಏಳು ಡೈರಿಗಳಲ್ಲಿ ಮೂರು ಕಡೆಯವರು ಮುಂದಿನ ವರ್ಷ ಬರುತ್ತೇವೆ ಅಂದಿದ್ದಾರೆ. ಉಳಿದ ನಾಲ್ವರು ರಸ್ತೆಯಲ್ಲಿ ಸಿಕ್ಕರೆ ಚೆನ್ನಾಗಿಯೇ ಮಾತಾಡುತ್ತಾರೆ, ವರದಿಯ ವಿಷಯ ಮಾತ್ರ ಎತ್ತುವುದಿಲ್ಲ.